ಒಂದೇ ಅಳತೆಯ ಸಿಕ್ಕು

ಗಾಳೇಶನ ತಲೆಯ ಮೇಲೆ ಕೂದಲು ಕಡಿಮೆ, ತಲೆಯೊಳಗೆ ಚೀನಾ ಜಾಸ್ತಿ. ಎರಡೂ ಅವನಿಗೆ ಒಂದೇ ನೌಕರಿಯಿಂದ ಬಂದ ಭಾಗ್ಯ.

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಜಿಲಾನಸಾಬರ ಕೂದಲಿನ ಗೋದಾಮು ಇದೆ. ಅಲ್ಲಿ ಗಾಳೇಶ ಸೂಪರ್‌ವೈಜರ್. ಸುತ್ತಲ ಸೀಮೆಯ ಹೆಣ್ಣುಮಕ್ಕಳು ತಲೆ ಬಾಚಿಕೊಳ್ಳುವಾಗ ಹಣಿಗೆಗೆ ಸಿಕ್ಕ ಕೂದಲು ಉಂಡೆ ಉಂಡೆಯಾಗಿ, ಚೀಲ ಚೀಲವಾಗಿ ಅಲ್ಲಿಗೆ ಬಂದು ಬೀಳುತ್ತಿತ್ತು. ಸಿಕ್ಕು ಬಿಡಿಸಿ, ತೊಳೆದು, ಗಿಡ್ಡದ್ದು ಉದ್ದದ್ದು ಬೇರೆ ಮಾಡಿ ಜುಟ್ಟು ಕಟ್ಟಿದರೆ ಚೀನಾಕ್ಕೆ ಹೋಗಿ ವಿಗ್ಗು ಆಗುತ್ತಿತ್ತು. ಆ ಅಳತೆ ನೋಡುವ ಕೆಲಸವೇ ಗಾಳೇಶನದು. ಹಗಲೆಲ್ಲ ಮಂದಿಯ ಕೂದಲು ಅಳೆದು, ಸಂಜೆ ರೂಮಿಗೆ ಬಂದು ಕನ್ನಡಿ ಮುಂದೆ ನಿಂತರೆ, ಬಂಗಾರದಂಗಡಿಯ ಗುಮಾಸ್ತ ತನ್ನ ಹೆಂಡತಿಯ ಬರಿ ಕೊರಳು ನೋಡಿದ ಹಾಗಾಗುತ್ತಿತ್ತು.

ಅವನ ಊರು ಕನಕಗಿರಿ ಕಡೆಯ ಹುಲಿಹೈದರ. ಬಿ.ಎ. ಮುಗಿಸಿದವನಿಗೆ ಪೊಲೀಸ್ ಆಗಲು ಎದೆಯ ಸುತ್ತಳತೆ ಸಾಲಲಿಲ್ಲ, ಮಾಸ್ತರ ಆಗಲು ಅಂಕ ಸಾಲಲಿಲ್ಲ, ಅಪ್ಪನ ಹೊಲಕ್ಕೆ ಹೋಗಲು ಮನಸ್ಸು ಸಾಲಲಿಲ್ಲ. ಬೇರೆ ನೌಕರಿ ಸಿಗುವತನಕ ಅಂತ ಗೋದಾಮಿಗೆ ಸೇರಿದ. ನೌಕರಿ ಹಾಗೇ ಉಳಿಯಿತು, ಕೂದಲು ಮಾತ್ರ ಹೋಯಿತು. ಊರಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ "ಎಕ್ಸ್‌ಪೋರ್ಟ್" ಎನ್ನುತ್ತಿದ್ದ. ಏತರದ್ದು ಅಂತ ಕೇಳುವಷ್ಟರಲ್ಲಿ ಅವನ ಚಹಾ ಮುಗಿದಿರುತ್ತಿತ್ತು.

ಚೀನಾ ಎಂದರೆ ಅವನಿಗೆ ತನ್ನ ಸೋದರಮಾವನ ಮನೆ ಇದ್ದ ಹಾಗೆ. "ಚೀನಾದಾಗ ಜನಾ ಶ್ರೀಮಂತರಾದ್ರ ಇಲ್ಲಿ ನಮ್ಮ ತಾಯಂದಿರ ಹಣಗಿಗೆ ಬೆಲಿ ಬರತೈತ್ರಿ," ಎಂದು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆಲ್ಲ ಹೇಳುವನು. ಮಾತು ಸುಳ್ಳಲ್ಲ. ಅವನು ಸಣ್ಣವನಿದ್ದಾಗ ಅವನ ಅವ್ವ ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಗೆ ತುರುಕುತ್ತಿದ್ದಳು. ಹೊರಗೆ ಒಗೆದರೆ ಮಾಟಕ್ಕೆ ಆದೀತು ಎಂಬ ಅಂಜಿಕೆ. ಆಮೇಲೊಂದು ವರ್ಷ "ತಲಿಗೂದ್ಲಾ ಐತೇನ್ರೀ" ಅಂತ ಕೂಗುತ್ತಾ ಸೈಕಲ್ಲಿನವನು ಬಂದ. ಗೋಡೆಯಲ್ಲಿ ಇದ್ದದ್ದನ್ನೆಲ್ಲ ಕಿತ್ತು ಕೊಟ್ಟು ಅವ್ವ ಒಂದು ಸ್ಟೀಲ್ ತಂಬಿಗೆ ಇಸಿದುಕೊಂಡಳು. ಎಲ್ಲಿಯದೋ ದೇಶ ಮೇಲೆದ್ದರೆ ಹುಲಿಹೈದರದ ಗೋಡೆಯೊಳಗಿನ ಮಾಟದ ಭಯ ತಂಬಿಗೆಯಾಗುತ್ತದೆ. ಇದನ್ನು ಗಾಳೇಶ ಅರ್ಥಶಾಸ್ತ್ರ ಎನ್ನುತ್ತಿದ್ದ. ಬಿ.ಎ.ದಲ್ಲಿ ಅದೇ ವಿಷಯದಲ್ಲಿ ಎರಡು ಸಲ ನಪಾಸಾಗಿದ್ದ.

ಸಿಕ್ಕು ಬಿಡಿಸುವ ಕೆಲಸ ಗೋದಾಮಿನಲ್ಲಿ ನಡೆಯುವುದಿಲ್ಲ. ಊರುಗಳ ಪಡಸಾಲೆಗಳಲ್ಲಿ ಹೆಣ್ಣುಮಕ್ಕಳು ದಬ್ಬಣ ಹಿಡಿದು ಕೂತು, ಉಂಡೆಯಿಂದ ಒಂದೊಂದೇ ಎಳೆ ಬಿಡಿಸುತ್ತಾರೆ. ಪ್ರತಿ ಸೋಮವಾರ ಗಾಳೇಶ ಬೈಕಿನ ಮೇಲೆ ಚೀಲ ಹೇರಿಕೊಂಡು ತಳಕಲ್ಲಿಗೆ ಹೋಗಿ, ಯಮನೂರಮ್ಮನ ಪಡಸಾಲೆಯಲ್ಲಿ ಸಿಕ್ಕು ಇಳಿಸಿ, ಬಿಡಿಸಿದ್ದನ್ನು ಹೇರಿಕೊಂಡು ಬರಬೇಕು. ಯಮನೂರಮ್ಮನೇ ಅಲ್ಲಿ ಮುಖ್ಯಸ್ಥೆ. ಓಣಿಯ ಕಳಕಮ್ಮ, ಅಬೇದಾಬಿ ಕಾಯಂ ಕೂಡುವವರು, ಸೂಪರ್‌ವೈಜರನನ್ನು ಮ್ಯಾನೇಜರ್ ಎಂದೇ ಕರೆಯುವವರು. ಯಮನೂರಮ್ಮನ ಮಗಳು ಮಹೇಶ್ವರಿ ಡಿಗ್ರಿ ಮುಗಿಸಿ ಬಂದು ಅವರ ಜೊತೆ ಕೂಡುತ್ತಿದ್ದಳು. ಸೋಮವಾರ ಬಂತೆಂದರೆ ಗಾಳೇಶ ಇದ್ದ ಕೂದಲನ್ನೇ ಎಡದಿಂದ ಬಲಕ್ಕೆ ಎಳೆದು, ನೀರು ಹಚ್ಚಿ ಕೂರಿಸುತ್ತಿದ್ದ. ತಳಕಲ್ ಮುಟ್ಟುವಷ್ಟರಲ್ಲಿ ಹೆದ್ದಾರಿಯ ಗಾಳಿ ಅದನ್ನು ಮತ್ತೆ ಎಡಕ್ಕೆ ಕಳಿಸಿರುತ್ತಿತ್ತು.

ಗಾಳೇಶನಿಗೆ ಮಹೇಶ್ವರಿಯನ್ನು ತರುವ ಬಗ್ಗೆ ಹಿರಿಯರು ಮಾತಾಡಿದರು. ಯಮನೂರಮ್ಮ ಒಪ್ಪಿದಳು, ಆದರೆ ಒಂದು ಮಾತು ಮುಂಚೆಯೇ ಇಟ್ಟಳು.

"ನೋಡಪಾ ಗಾಳೇಶಪ್ಪಾ, ನಿನ್ನ ಆಫೀಸಿನ ಕಾಗದಾ ಓದಾಕ ನಂಗ ಬರಂಗಿಲ್ಲ. ಚೀಲಾ ಎತ್ತಾಕ ಬರತೈತಿ. ಸ್ವಾಮಾರಕ್ಕೊಮ್ಮಿ ಚೀಲಾ ಬಂತಂದ್ರ ನಿಂಗ ನೌಕರಿ ಐತಿ ಅಂತ ನಾ ತಿಳ್ಕೊಂತೀನಿ. ಚೀಲಾ ಬರೂದ ನಿಂತ ದಿನಾ, ಈ ಮಾತೂ ನಿಂತಂಗ. ನನ್ನ ಗಂಡ ಪಕೀರಪ್ಪ ನೌಕರಿ ಐತಿ ಅಂತ ಹೇಳೇ ನನ್ನ ಮದಿವ್ಯಾದ. ಇವತ್ತಿಗೂ ಆಡಿನ ಹಿಂದ ಅಡ್ಡಾಡಾಕತ್ತಾನ."

"ಚೀನಾ ಇರೂತನಕ ಚೀಲಾ ಇರತೈತ್ರಿ ಅತ್ಯಾರ," ಎಂದ ಗಾಳೇಶ. ಆ ಮಾತು ತನಗೇ ಎಷ್ಟು ಹಿಡಿಸಿತೆಂದರೆ ದಾರಿಯಲ್ಲಿ ಹೆಲ್ಮೆಟ್ಟಿನೊಳಗೆ ಇನ್ನೊಮ್ಮೆ ಹೇಳಿಕೊಂಡ.

ಚೀನಾ ಎಲ್ಲಿಯೂ ಹೋಗಲಿಲ್ಲ. ಆರ್ಡರ್ ಹೋಯಿತು. ಒಂದು ತಿಂಗಳು ಬರಬೇಕಾದ್ದು ಮುಂದಿನ ತಿಂಗಳಿಗೆ ಹೋಯಿತು, ಆಮೇಲೆ ಬರಲೇ ಇಲ್ಲ. ಗೋದಾಮಿನಲ್ಲಿ ಜುಟ್ಟು ಕಟ್ಟಿದ ಮಾಲು ಛತ್ತಿನವರೆಗೆ ಏರಿತು. ಜಿಲಾನಸಾಬರು ಒಳ್ಳೆಯ ಮನುಷ್ಯ. ಯಾರನ್ನೂ ಹೊರಗೆ ಹಾಕಲಿಲ್ಲ. ಗಾಳೇಶನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡರು.

"ಗಾಳೇಶ, ಪಗಾರ ಅರ್ಧಾ ರೊಕ್ಕದಾಗ ಕೊಡ್ತೀನಿ, ಅರ್ಧಾ ಮಾಲಿನಾಗ ತಗೋ. ರೇಟ್ ಏರಿದಾಗ ಮಾರಿಕೋ. ಹೊಸಾ ಸಿಕ್ಕು ಮಾತ್ರ ಯಾವ ಊರಿಗೂ ಕಳಸಬ್ಯಾಡ. ಬಿಡಿಸಿದ್ದನ್ನ ಇಡಾಕ ಜಾಗಾ ಇಲ್ಲ."

ಹೀಗೆ ಕೊಪ್ಪಳ ಜಿಲ್ಲೆಯಲ್ಲಿ ಪಗಾರವನ್ನು ಕೂದಲಿನ ರೂಪದಲ್ಲಿ ಪಡೆದ ಬೋಳುತಲೆಯವನು ಬಹುಶಃ ಇವನೊಬ್ಬನೇ. ರೂಮಿನ ಮೂಲೆಗೆ ಚೀಲ ಇಟ್ಟು ಗಾಳೇಶ ಅದನ್ನೇ ನೋಡುತ್ತಾ ಕೂತ. ಕರ್ರಗೆ, ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ ಮಿಂಚುವ ಜುಟ್ಟುಗಳು. ಸೋಮವಾರ ಹತ್ತಿರ ಬರುತ್ತಿತ್ತು. ಯಮನೂರಮ್ಮನಿಗೆ ಬೇಕಾದದ್ದು ಸಿಕ್ಕು. ಇವನ ಹತ್ತಿರ ಇದ್ದದ್ದು ಸಿಕ್ಕು ಬಿಡಿಸಿದ್ದು. ದೊಡ್ಡ ದೊಡ್ಡ ವಿಚಾರಗಳು ಯಾವಾಗಲೂ ಇಷ್ಟೇ ಸರಳ ಇರುತ್ತವೆ. ಒಂದು ಜುಟ್ಟಿನ ದಾರ ಬಿಚ್ಚಿದ.

ಕೂದಲನ್ನು ಸಿಕ್ಕು ಮಾಡುವುದು ಸುಲಭ ಎಂದು ಯಾರಾದರೂ ತಿಳಿದಿದ್ದರೆ ಅವರು ಮಾಡಿ ನೋಡಿಲ್ಲ. ತಾನಾಗಿ ಗಂಟಾಗುವ ಈ ಪದಾರ್ಥ, ಗಂಟಾಗು ಅಂದರೆ ಸಾಧುವಾಗಿ ಜಾರಿಬಿಡುತ್ತದೆ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಗಾಳೇಶ ಮೊದಲು ಅದನ್ನು ಅಂಗೈಯಲ್ಲಿ ಉಂಡೆ ಹೊಸೆದ. ಬಿಟ್ಟರೆ ಬಿಚ್ಚಿಕೊಂಡಿತು. ರೊಟ್ಟಿಯ ಹಿಟ್ಟಿನ ಹಾಗೆ ನಾದಿದ. ಬಕೆಟ್ಟಿನಲ್ಲಿ ಹಾಕಿ ತುಳಿದ. ಫ್ಯಾನಿನ ಕೆಳಗೆ ಹರಡಿ ಗಾಳಿ ಬಿಟ್ಟಾಗ ಅರ್ಧ ಪಗಾರ ಮಂಚದ ಕೆಳಗೆ ಹೋಯಿತು. ಕೊನೆಗೆ ಚೂರು ಒದ್ದೆ ಮಾಡಿ, ದಿಂಬಿನ ಚೀಲಕ್ಕೆ ತುಂಬಿ, ಅದರ ಮೇಲೆ ಕೂತು ಹೊರಳಾಡಿದ ಮೇಲೆ ಮೆಚ್ಚುವಂಥ ಸಿಕ್ಕು ತಯಾರಾಯಿತು. ಅಂದಕ್ಕೆ ಒಂದು ಹಿಡಿ ದೂಳು, ಎರಡು ದಾರದ ತುಂಡು ಸೇರಿಸಿದ. ಒಂದು ಚೀಲವನ್ನು ಎರಡು ಮಾಡಿಕೊಂಡ. ಒಂದು ತಳಕಲ್ಲಿನಲ್ಲಿ ಬಿಡಿಸಿಕೊಳ್ಳುತ್ತಿದ್ದಾಗ ಇನ್ನೊಂದು ಭಾಗ್ಯನಗರದಲ್ಲಿ ಸಿಕ್ಕಾಗಬೇಕು. ಹೆಣ್ಣುಮಕ್ಕಳ ಕೂಲಿ ಅವನ ಅರ್ಧ ಪಗಾರದಿಂದ ಹೋಗಬೇಕು. ಉಳಿದದ್ದರಲ್ಲಿ ಅವನು ಮಂಡಾಳು ಒಗ್ಗರಣೆ ತಿಂದು ಇರಬೇಕು. ಲೆಕ್ಕ ಎಲ್ಲಾ ಕೂಡಿಬಂತು.

"ಈ ಸಲದ್ದು ಎಲ್ಲೀದೋ ತಮ್ಮಾ?" ಎಂದಳು ಯಮನೂರಮ್ಮ, ಚೀಲ ಎತ್ತಿ ತೂಕ ನೋಡುತ್ತಾ.

"ರಾಯಚೂರ ಕಡೀದ್ರಿ."

ಮುಂದಿನ ವಾರ ಬಳ್ಳಾರಿ ಕಡೆಯದಾಯಿತು. ಅದರ ಮುಂದಿನ ವಾರ ಅನಂತಪುರದ್ದು. ಒಂದೇ ಕೂದಲು ಸೀಮೆಯೆಲ್ಲ ತಿರುಗಿತು. ಗಾಳೇಶ ಎಂದೂ ಹೋಗದ ಊರುಗಳಿಗೆ ಅವನ ಪಗಾರ ಹೋಗಿಬಂತು. ನಡುವೆ ಅವನಿಗೊಂದು ಹೆಮ್ಮೆಯೂ ಬಂತು. ಚೀನಾ ಮಾಡುವ ಕೆಲಸವನ್ನು ತಾನೊಬ್ಬನೇ ಮಾಡುತ್ತಿದ್ದೇನೆ, ತಳಕಲ್ಲಿಗೆ ಕೆಲಸ ಕೊಡುತ್ತಿದ್ದೇನೆ.

ಅವನು ಮರೆತದ್ದು ಒಂದೇ, ಅದೂ ತನ್ನ ಸ್ವಂತ ಕೆಲಸವನ್ನು. ಹಣಿಗೆಯಿಂದ ಬಂದ ಕೂದಲಿನಲ್ಲಿ ಗೇಣುದ್ದದ್ದು, ಮೊಳದುದ್ದದ್ದು, ಮುದುಕಿಯ ಬಿಳಿಯದು ಎಲ್ಲಾ ಕೂಡಿರುತ್ತದೆ. ಜುಟ್ಟು ಕಟ್ಟಿದ ಮಾಲು ಹಾಗಲ್ಲ. ಅದನ್ನು ಅಳತೆ ಹಿಡಿದು ಬೇರೆ ಮಾಡಿದವನು ಬೇರೆ ಯಾರೂ ಅಲ್ಲ, ಈ ಗಾಳೇಶನೇ.

ಒಂದು ಸೋಮವಾರ ಕಳಕಮ್ಮ ದಬ್ಬಣ ಕೆಳಗಿಟ್ಟಳು.

"ಅಲ್ರೀ ಮ್ಯಾನೇಜರ್ರ, ಇದು ಯಾವ ಊರಂದ್ರಿ?"

"ಸಿಂಧನೂರು."

"ಆ ಊರಾಗ ಮುದುಕ್ಯಾರ ಇಲ್ಲೇನ್ರಿ? ಸಣ್ಣ ಹುಡಿಗ್ಯಾರ ಇಲ್ಲೇನ್ರಿ? ಎಲ್ಲಾರ ಕೂದಲಾ ಒಂದ ಅಳತಿ ಐತಲ್ರಿ!"

ಗಾಳೇಶನ ಬೋಳಿನ ಮೇಲೆ ಬೆವರು ಮೂಡಿತು. ಮರೆಮಾಚಲು ಅಲ್ಲಿ ಏನೂ ಇರಲಿಲ್ಲ.

"ಅದು... ಲೇಡೀಸ್ ಹಾಸ್ಟೆಲ್ಲಿಂದ ಬಂದದ್ರಿ. ಎಲ್ಲಾರೂ ಒಂದ ವಯಸ್ಸಿನವ್ರು."

"ಯಾ ಅಲ್ಲಾ," ಎಂದಳು ಅಬೇದಾಬಿ, "ಹಾಸ್ಟೆಲ್ಲಿನಾಗ ಕೂದ್ಲಾನೂ ಯೂನಿಫಾರ್ಮ್ ಮಾಡ್ಯಾರ ನೋಡವ್ವ!"

ಎಲ್ಲರೂ ನಕ್ಕರು. ಯಮನೂರಮ್ಮನೂ ನಕ್ಕಳು, ಆದರೆ ಅರ್ಧ. ಮಹೇಶ್ವರಿ ನಗಲಿಲ್ಲ. ಗಾಳೇಶ ಬೈಕಿಗೆ ಚೀಲ ಕಟ್ಟುವಾಗ ಕೊಡ ಹಿಡಿದು ನೀರಿನ ಟ್ಯಾಂಕಿನ ನೆವದಲ್ಲಿ ಹೊರಗೆ ಬಂದಳು.

"ಹಾಸ್ಟೆಲ್ಲಿನ ಹುಡಿಗ್ಯಾರಿಗೆ ನಮಸ್ಕಾರ ಹೇಳ್ರಿ."

"ಮಹೇಶ್ವರಿ, ಅದು ಏನಂದ್ರ..."

"ಹ್ವಾದ ತಿಂಗಳ ನಾ ಬಿಡಿಸಿದ್ದ ಐತಿ ಇದು. ನೀವ ಮತ್ತ ಸಿಕ್ಕ ಮಾಡ್ಕೊಂಡ ಬಂದೀರಿ. ನೌಕರಿ ಹೋತೇನ್ರಿ?"

"ಪೂರಾ ಹೋಗಿಲ್ಲ. ಅರ್ಧಾ ಐತಿ."

"ಅರ್ಧಾ ಸುಳ್ಳಿಗೆ ಪೂರಾ ಸಂಸಾರ ಕಟ್ಟಾಕ ಬರಂಗಿಲ್ರಿ. ಬರೂ ಸ್ವಾಮಾರ ಅವ್ವಗ ನೀವ ಹೇಳ್ತೀರಿ. ಇಲ್ಲಾಂದ್ರ ನಾ ಹೇಳ್ತೀನಿ. ನಾ ಹೇಳಿದ್ರ ನಿಮ್ಮ ಮಾರಿ ನೋಡಾಕ ಯಾರಿಗೂ ಆಗಂಗಿಲ್ಲ."

ಮದುವೆ ನಿಲ್ಲುವುದು ಖಾತ್ರಿ ಎನ್ನಿಸಿತು ಗಾಳೇಶನಿಗೆ. ಹೇಳಿದರೆ ಚೀಲ ನಿಲ್ಲುತ್ತದೆ, ಚೀಲ ನಿಂತರೆ ಮಾತು ನಿಲ್ಲುತ್ತದೆ. ಇನ್ನು ಉಳಿದದ್ದು ಒಂದೇ ದಾರಿ. ಚೀನಾವನ್ನೇ ಕೇಳುವುದು. ಗೋದಾಮಿಗೆ ಆರ್ಡರ್ ಕೊಡುತ್ತಿದ್ದ ಕಂಪನಿಯಲ್ಲಿ ಲೀ ಎನ್ನುವವನಿದ್ದ. ಮಾಲು ತೋರಿಸಲು ಅವನ ಜೊತೆ ವಿಡಿಯೋ ಕಾಲ್ ಮಾಡುತ್ತಿದ್ದವನು ಗಾಳೇಶನೇ. ಇವನು ಕನ್ನಡದಲ್ಲಿ ಹೇಳಿದ್ದನ್ನು ಫೋನು ಚೀನೀ ಭಾಷೆ ಮಾಡುವುದು, ಅವನು ಹೇಳಿದ್ದನ್ನು ಕನ್ನಡ ಮಾಡುವುದು. ಆ ಫೋನಿನ ಕನ್ನಡ ಸಾಲಿ ಮಾಸ್ತರರಿಗಿಂತ ಶುದ್ಧ.

"ಲೀ ಸಾಹೇಬ್ರ, ಆರ್ಡರ್ ಯಾವಾಗ ಬರತೈತ್ರಿ? ನಂದೊಂದು ಮದಿವಿ ಅದರ ಮ್ಯಾಲ ನಿಂತೈತಿ."

ಲೀ ಬಹಳ ಹೊತ್ತು ಮಾತಾಡಿದ. ಫೋನು ಹೀಗೆ ಹೇಳಿತು:

"ಮಾನ್ಯರೇ, ನನ್ನ ತಾಯಿ ಸಹ ಇದೇ ಕೆಲಸವನ್ನು ಮಾಡುತ್ತಿದ್ದರು. ನಮ್ಮ ಊರಿನ ಎಲ್ಲಾ ತಾಯಂದಿರೂ ಮಾಡುತ್ತಿದ್ದರು. ನಂತರ ನಮ್ಮಲ್ಲಿ ಕೂಲಿ ಏರಿತು, ಮಕ್ಕಳು ಓದಿದರು, ಯಾರೂ ಕುಳಿತುಕೊಳ್ಳಲಿಲ್ಲ. ಆದ್ದರಿಂದ ನಾವು ನಿಮ್ಮ ಊರಿಗೆ ಬಂದೆವು. ಈಗ ಕೊಳ್ಳುವವರು ಕಡಿಮೆಯಾಗಿದ್ದಾರೆ. ನಮ್ಮ ಗೋದಾಮು ಸಹ ತುಂಬಿದೆ. ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ."

"ಮತ್ತ ಈಗ ಎಲ್ಲಿದ್ದೀರಿ?"

"ಉದ್ಯಾನವನದಲ್ಲಿ. ನನ್ನ ಹೆಂಡತಿಗೆ ಇನ್ನೂ ತಿಳಿಸಿಲ್ಲ. ಪ್ರತಿದಿನ ಬೆಳಿಗ್ಗೆ ಚೀಲವನ್ನು ಹಿಡಿದು ಮನೆಯಿಂದ ಹೊರಡುತ್ತೇನೆ."

ಗಾಳೇಶ ಪರದೆಯ ಮೇಲಿನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ. ಲೀಯ ಹಣೆಯೂ ನೆತ್ತಿಯವರೆಗೆ ಹೋಗಿತ್ತು. ಇದ್ದ ಕೂದಲನ್ನು ಅವನೂ ಎಡದಿಂದ ಬಲಕ್ಕೆ ಎಳೆದಿದ್ದ. ಇಷ್ಟು ದಿನ ಚೀನಾ ಎಂದರೆ ಮುಗಿಲಿನಷ್ಟು ಎತ್ತರದ ಸಾಹುಕಾರ ಎಂದುಕೊಂಡಿದ್ದ. ನೋಡಿದರೆ ಅಲ್ಲಿಯೂ ಒಬ್ಬ ಗಾಳೇಶ ಖಾಲಿ ಚೀಲ ಹಿಡಿದು ಗಿಡದ ಕೆಳಗೆ ಕೂತಿದ್ದಾನೆ.

"ಹೆಂಡ್ರಿಗೆ ಹೇಳಿಬಿಡ್ರಿ ಲೀ ಸಾಹೇಬ್ರ," ಎಂದ. ಫೋನು ಅದನ್ನು ಏನು ಮಾಡಿ ಹೇಳಿತೋ, ಲೀ ತಲೆ ಆಡಿಸಿದ. "ನೀವು ಮೊದಲು," ಎಂದಿತು ಫೋನು.

ಸೋಮವಾರ ಗಾಳೇಶ ಕೂದಲಿಗೆ ನೀರು ಹಚ್ಚಲಿಲ್ಲ. ಹಿಂದಿನ ದಿನವೇ ತಯಾರಾಗಿದ್ದ ಸಿಕ್ಕಿನ ಚೀಲವನ್ನು ಪಡಸಾಲೆಯ ನಡುವೆ ಇಳಿಸಿದ. ಯಮನೂರಮ್ಮ ಎತ್ತಿ ನೋಡಲು ಕೈ ಚಾಚಿದಳು.

"ಅತ್ಯಾರ, ಅದು ಯಾವ ಊರಿಂದೂ ಅಲ್ರಿ. ನನ್ನ ರೂಮಿಂದು. ನಾನ ಸಿಕ್ಕ ಮಾಡೀನಿ."

ಒಂದೇ ಉಸಿರಿಗೆ ಎಲ್ಲಾ ಹೇಳಿದ. ಆರ್ಡರ್ ನಿಂತದ್ದು, ಪಗಾರ ಕೂದಲಾದದ್ದು, ದಿಂಬಿನ ಚೀಲದ ಮೇಲೆ ಹೊರಳಾಡಿದ್ದು. ಹೊರಳಾಡಿದ್ದನ್ನು ಹೇಳುವ ಅಗತ್ಯ ಇರಲಿಲ್ಲ, ಆದರೆ ಬಾಯಿ ಬಿಟ್ಟ ಮೇಲೆ ಅದೂ ಬಂತು. ಕಳಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಬೇದಾಬಿಯ ಭುಜ ಕುಣಿಯುತ್ತಿತ್ತು.

ಯಮನೂರಮ್ಮ ಮಾತ್ರ ನಗಲಿಲ್ಲ. "ಹಂಗಂದ್ರ ನಮ್ಮ ಕೂಲಿ ಯಾರ ಕೊಟ್ರು?"

"ನಾನ ಕೊಟ್ನಿರಿ."

"ಮದಿವ್ಯಾಗೂಕಿಂತ ಮೊದ್ಲ ಅತ್ತಿಗೆ ಕೂಲಿ ಕೊಟ್ಟ ಅಳಿಯನ್ನ ನಾ ಎಲ್ಲೂ ನೋಡಿಲ್ಲ," ಎಂದಳು ಅಬೇದಾಬಿ, ತಡೆಯಲಾರದೆ.

"ನೀ ಸುಮ್ಮಕಿರ ಅಬೇದಾಬಿ." ಯಮನೂರಮ್ಮನ ದನಿ ಇಳಿಯಿತು. "ತಮ್ಮಾ, ನೀ ಕೆಟ್ಟವ ಅಲ್ಲ. ಖರೇ ಹೇಳಿದಿ. ಆದ್ರ ಖರೇನ ತಾಟಿನಾಗ ಹಾಕ್ಕೊಂಡ ತಿನ್ನಾಕ ಬರಂಗಿಲ್ಲ. ಕೆಲಸ ಇಲ್ಲದವಗ ಮಗಳ್ನ ಹೆಂಗ ಕೊಡ್ಲಿ? ನಾಳಿ ಮನಿಗೆ ಯಾರ ದುಡದ ಹಾಕ್ತಾರ?"

"ನಾ ಹಾಕ್ತೀನೆವ್ವ," ಎಂದಳು ಮಹೇಶ್ವರಿ.

ಎಲ್ಲರೂ ಆ ಕಡೆ ತಿರುಗಿದರು. ಭಾನಾಪುರದ ಕಡೆ ಹೆದ್ದಾರಿ ಮಗ್ಗುಲಿನ ಆಟಿಕೆ ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ ಆಗಿತ್ತು. ಹೋಗಿ ಬಂದು, ಪರೀಕ್ಷೆ ಕೊಟ್ಟು, ಒಂದನೇ ತಾರೀಕಿಗೆ ಬಾ ಎಂದು ಹೇಳಿಸಿಕೊಂಡು ಬಂದಿದ್ದಳು. ನಿಶ್ಚಯವಾದ ಹುಡುಗಿ ಫ್ಯಾಕ್ಟರಿಗೆ ಯಾಕೆ ಎಂದು ಅವ್ವ ಬೈದಾಳೆಂದು ಹೇಳಿರಲಿಲ್ಲ. ಗಾಳೇಶನಿಗೂ ಹೇಳಿರಲಿಲ್ಲ. ಎಕ್ಸ್‌ಪೋರ್ಟ್ ಮ್ಯಾನೇಜರ್ರು ಏನಂದುಕೊಳ್ಳುತ್ತಾರೋ ಎಂದು.

"ನೀನೂ ಮುಚ್ಚಿಟ್ಟಿದ್ದ್ಯೇನ?" ಎಂದ ಗಾಳೇಶ.

"ನಾ ಇದ್ದದ್ದ ಮುಚ್ಚಿಟ್ನಿ. ನೀವ ಇಲ್ಲದ್ದ ಮುಚ್ಚಿಟ್ರಿ."

ಗಾಳೇಶ ಆಗ ಸುಮ್ಮನಿರಬೇಕಿತ್ತು. ಆದರೆ ತಲೆಯೊಳಗಿನ ಚೀನಾ ಬಿಡಲಿಲ್ಲ. "ಯಾಕಂದ್ರ ನೋಡ್ರಿ ಅತ್ಯಾರ, ಚೀನಾದಾಗ ಕೂಲಿ ಏರೇತಿ. ಅದಕ್ಕ ಆಟಿಗಿ ಮಾಡೂ ಕಂಪನ್ಯಾರು ಅಲ್ಲಿಂದ ಎದ್ದು ನಮ್ಮ ಕಡಿ ಬರಾಕತ್ಯಾರ. ಅಂದ್ರ, ನನ್ನ ಕೆಲಸ ತಗದವರೂ ಅವರ, ಮಹೇಶ್ವರಿಗೆ ಕೊಟ್ಟವರೂ ಅವರ. ಒಂದು ದೇಶಾ ಮ್ಯಾಲೆದ್ರ..."

"ಮ್ಯಾನೇಜರ್ ಸಾಹೇಬ್ರ," ಎಂದಳು ಅಬೇದಾಬಿ ಕೈಮುಗಿದು, "ಈಗರೆ ಚೀನಾದ ಕೈ ಬಿಡ್ರಿ. ಹುಡಿಗಿ ಕೈ ಹಿಡೀರಿ."

ಯಮನೂರಮ್ಮ ಮಗಳನ್ನು ನೋಡಿದಳು. ಚೀಲವನ್ನು ನೋಡಿದಳು. ಆಮೇಲೆ ಗಾಳೇಶನ ನೆತ್ತಿಯನ್ನು ನೋಡಿ, ಇದರಲ್ಲಿ ಇನ್ನು ಕಳೆದುಕೊಳ್ಳುವಂಥದ್ದು ಏನೂ ಇಲ್ಲ ಎಂಬ ತೀರ್ಮಾನಕ್ಕೆ ಬಂದವಳ ಹಾಗೆ ಉಸಿರು ಬಿಟ್ಟಳು.

"ಆತು. ಮಾತು ನಿಲ್ಲೂದು ಬ್ಯಾಡ. ಆದ್ರ ನಂದೊಂದು ಐತಿ. ಈ ಸಿಕ್ಕು ನಾವ್ಯಾರೂ ಮುಟ್ಟಂಗಿಲ್ಲ. ಮಾಡಿದವನ ಬಿಡಿಸ್ಲಿ. ಇಲ್ಲೇ ಪಡಸಾಲ್ಯಾಗ, ನಮ್ಮ ಕಣ್ಣ ಮುಂದ. ಈ ಚೀಲಾ ಎಂದ ಮುಗೀತೈತಿ, ಅಂದ ಕುಂತು ಮದಿವಿ ದಿನಾ ತಗಸೂನು."

ಕಳಕಮ್ಮ ತನ್ನ ದಬ್ಬಣವನ್ನು ಅವನ ಕೈಗೆ ಕೊಟ್ಟಳು.

ಗೋದಾಮಿನಲ್ಲಿ ಅರ್ಧ ಕೆಲಸ ಇದ್ದದ್ದರಿಂದ ಅರ್ಧ ವಾರ ಅವನು ತಳಕಲ್ಲಿಗೆ ಬರತೊಡಗಿದ. ಮೊದಲ ಉಂಡೆಯಲ್ಲಿ ಬೆರಳಿಗೆ ಚುಚ್ಚಿಕೊಂಡ. ಎರಡನೆಯದರಲ್ಲಿ ಕೂದಲು ಹರಿದ. "ಎಳೀಬ್ಯಾಡ್ರಿ, ಅದು ಬೈಕಿನ ಕ್ಲಚ್ ವಾಯರ್ ಅಲ್ಲ," ಎನ್ನುತ್ತಿದ್ದಳು ಕಳಕಮ್ಮ. ಇಷ್ಟು ವರ್ಷ ಈ ಹೆಣ್ಣುಮಕ್ಕಳ ಹತ್ತಿರ ಬಂದು "ಈ ವಾರ ಯಾಕ ಕಡಿಮಿ ಆತ್ರಿ" ಎಂದು ದಬಾಯಿಸಿದ್ದು ನೆನಪಾಗಿ ಅವನ ಕಿವಿ ಬಿಸಿಯಾಯಿತು. ಒಂದು ದಿನ ಲೀಯ ಸಂದೇಶ ಬಂತು, ಫೋಟೋ ಸಮೇತ. ಒಂದು ಅಡುಗೆ ಮನೆ, ಬೆನ್ನು ತಿರುಗಿಸಿ ನಿಂತ ಹೆಂಡತಿ, ಮುಂದೆ ಒಂದು ರಾಶಿ ಬೆಳ್ಳುಳ್ಳಿ ಸುಲಿಯುತ್ತಾ ಕೂತ ಲೀ. ಕೆಳಗೆ ಫೋನು ಮಾಡಿಕೊಟ್ಟ ಕನ್ನಡ: "ತಿಳಿಸಿದೆ. ಅವಳು ಇನ್ನೂ ಮಾತನಾಡುತ್ತಿಲ್ಲ. ಆದರೆ ಊಟ ಸಿಗುತ್ತಿದೆ." ಗಾಳೇಶ ತನ್ನ ದಬ್ಬಣದ ಫೋಟೋ ಕಳಿಸಿದ.

ಸಂಜೆ ಫ್ಯಾಕ್ಟರಿ ಬಸ್ಸು ಮಹೇಶ್ವರಿಯನ್ನು ಇಳಿಸಿ ಹೋಗುತ್ತದೆ. ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿರುತ್ತದೆ. ಒಂದು ಸಂಜೆ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಅವನ ಎದುರು ಕೂತಳು.

"ಇವತ್ತಿನಿಂದ ನನ್ನ ಗೊಂಬಿ ವಿಭಾಗಕ್ಕ ಹಾಕ್ಯಾರ್ರಿ. ಏನ ಕೆಲಸ ಹೇಳ್ರಿ ನೋಡೂನು?"

"ಏನ?"

"ಬೋಳ ಗೊಂಬಿಗೆ ಮಶೀನಿನ್ಯಾಗ ಕೂದಲಾ ನೆಡೂದು." ಅವನ ನೆತ್ತಿಯ ಮೇಲೆ ಕಣ್ಣು ಇಟ್ಟು ಹೇಳಿದಳು, "ಛಲೋತ್ನಾಗೆ ಕಲತ್ಕೊಂತೀನಿ. ಮುಂದ ಉಪಯೋಗ ಬೀಳತೈತಿ."

ಪಡಸಾಲೆಯೆಲ್ಲ ನಕ್ಕಿತು. ಗಾಳೇಶನೂ ನಕ್ಕು, ಹೊಸ ಉಂಡೆಗೆ ದಬ್ಬಣ ಹಾಕಿದ. ಅದು ಜಗ್ಗಲಿಲ್ಲ. ತಿರುಗಿಸಿ ಹಾಕಿದ. ಆಗಲೂ ಇಲ್ಲ. ಯಮನೂರಮ್ಮ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿ ತಲೆ ಆಡಿಸಿದಳು. "ಇಂಥಾ ಘಟ್ಟಿ ಸಿಕ್ಕು ನನ್ನ ಜೀವಮಾನದಾಗ ನೋಡಿಲ್ಲ ಬಿಡೋ ತಮ್ಮಾ. ಎಷ್ಟ ಮನಸಿಟ್ಟು ಮಾಡೀದಿ!"

ಚೀಲದಲ್ಲಿ ಇನ್ನೂ ಮುಕ್ಕಾಲು ಉಳಿದಿತ್ತು. ಎಲ್ಲೂ ಒಂದೇ ಸಲಕ್ಕೆ ಪಾಸಾಗದ, ಯಾವುದನ್ನೂ ಪೂರ್ತಿ ಮಾಡದ ಗಾಳೇಶ ಬದುಕಿನಲ್ಲಿ ಒಂದೇ ಒಂದು ಕೆಲಸವನ್ನು ಯಾರೂ ಹೆಸರಿಡದ ಹಾಗೆ ಮಾಡಿದ್ದ. ಈಗ ಅದನ್ನೇ, ಮದುವೆಯ ಆಸೆಗೆ, ಒಂದೊಂದು ಎಳೆಯಾಗಿ ಕೆಡಿಸಬೇಕಾಗಿತ್ತು.